ರವಿ–ಲಿಲಿತ್ ದೃಷ್ಟಿ: ನಿಮ್ಮ ಜಾತಕದಲ್ಲಿ ಕಂಡರೆ ಹೇಗೆ ಓದಬೇಕು

ಮೊಬೈಲ್ ಆ್ಯಪ್‌ಗೆ ಹುಟ್ಟಿದ ದಿನ, ಹೊತ್ತು, ಊರು ಕೊಟ್ಟು ಪಾಶ್ಚಾತ್ಯ ಪದ್ಧತಿಯ ಜಾತಕ ತೆಗೆಸುವವರಿಗೆ ಈಚೆಗೆ ಲಿಲಿತ್ ಎಂಬ ಹೆಸರು ಮೇಲಿಂದ ಮೇಲೆ ಎದುರಾಗುತ್ತಿದೆ. ನಮ್ಮ ಪಂಚಾಂಗದಲ್ಲಿ ಈ ಹೆಸರಿಲ್ಲ, ನವಗ್ರಹಗಳ ಸಾಲಿನಲ್ಲೂ ಇಲ್ಲ. ಆದರೂ ಈ ಬಿಂದು ರವಿಯ ಜೊತೆ ಕೂಡಿದ್ದರೆ ಅಥವಾ ರವಿಯಿಂದ ನಿಗದಿತ ಕೋನವೊಂದರಲ್ಲಿದ್ದರೆ ಆ್ಯಪ್ ದೊಡ್ಡ ಮಾತನ್ನೇ ಹೇಳುತ್ತದೆ. ರವಿ ಎಂದರೆ ನಾಲ್ಕು ಜನರ ಮುಂದೆ ನಿಲ್ಲುವ ‘ನಾನು’. ಲಿಲಿತ್ ಎಂದರೆ ಪಳಗದ, ಯಾರ ಅಪ್ಪಣೆಗೂ ಕಾಯದ ಒಳಗಿನ ಪ್ರವೃತ್ತಿ. ಎರಡೂ ಬೆಸೆದುಕೊಂಡವರು ಹುಟ್ಟಾ ಬಂಡಾಯಗಾರರು, ಕಟ್ಟಿಗೆ ಒಗ್ಗದವರು, ನೋಡಿದವರನ್ನು ಒಮ್ಮೆಗೇ ಸೆಳೆಯುವವರು ಮತ್ತು ಬೆದರಿಸುವವರು ಎಂಬುದು ಅದರ ಸಾರ. ಇದನ್ನು ಓದಿ ‘ಕೊನೆಗೂ ನನ್ನನ್ನು ಅರ್ಥ ಮಾಡಿಕೊಂಡವರು ಸಿಕ್ಕರು’ ಎಂದು ಹಗುರಾಗುವವರಿದ್ದಾರೆ, ತಮ್ಮೊಳಗೆ ಏನೋ ಕೆಟ್ಟದ್ದು ಹುಟ್ಟಿನಿಂದಲೇ ಕೂತಿದೆ ಎಂದು ಹೆದರುವವರೂ ಇದ್ದಾರೆ. ಈ ಹೆದರಿಕೆಗೆ ಆಕಾಶದಲ್ಲಿ ಆಧಾರವಿಲ್ಲ ಎಂದು ತೋರಿಸುವುದು ಈ ಲೇಖನದ ಒಂದು ಕೆಲಸ. ಹಾಗೆಂದು ಇಡೀ ವಿಷಯವನ್ನು ತಳ್ಳಿಹಾಕಬೇಕಾಗಿಲ್ಲ. ಈ ಫಲದ ಹೊಟ್ಟೆಯಲ್ಲಿ ಒಂದು ನಿಜವಾದ ಪ್ರಶ್ನೆ ಅಡಗಿದೆ: ಒಳ್ಳೆಯವರೆನ್ನಿಸಿಕೊಳ್ಳಲು ನೀವು ನಿಮ್ಮಲ್ಲಿ ಏನನ್ನು ಅದುಮಿಟ್ಟಿದ್ದೀರಿ? ಆ ಪ್ರಶ್ನೆಯನ್ನು ಇಟ್ಟುಕೊಂಡು ತೀರ್ಪನ್ನು ಬಿಟ್ಟುಬಿಡಬಹುದು. ಅದಕ್ಕೆ ಮೊದಲು ಈ ಬಿಂದು ಏನು, ಎಲ್ಲಿಂದ ಬಂತು, ಅದರ ಲೆಕ್ಕ ಎಷ್ಟು ಗಟ್ಟಿ ಎಂಬುದು ಗೊತ್ತಿರಬೇಕು.

ಜ್ಯೋತಿಷದಲ್ಲಿ ಲಿಲಿತ್ ಎಂಬ ಹೆಸರಿನವು ಕನಿಷ್ಠ ಮೂರು ಇವೆ. ಒಂದು, ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕ್ಷುದ್ರಗ್ರಹ, ಸಂಖ್ಯೆ 1181. ಅದನ್ನು 1927ರಲ್ಲಿ ಅಲ್ಜಿಯರ್ಸ್‌ನಲ್ಲಿ ಬೆಂಜಮಿನ್ ಜೆಖೋವ್‌ಸ್ಕಿ ಕಂಡುಹಿಡಿದರು. ಅದರ ಹೆಸರು ಬಂದದ್ದು ಪುರಾಣದ ಲಿಲಿತ್‌ಳಿಂದಲ್ಲ, 24ನೆಯ ವಯಸ್ಸಿಗೇ ತೀರಿಕೊಂಡ ಫ್ರೆಂಚ್ ಸಂಗೀತ ರಚನಕಾರ್ತಿ ಲಿಲಿ ಬೂಲಾಂಜೆಯಿಂದ. ಆದರೂ ಆ ಕ್ಷುದ್ರಗ್ರಹಕ್ಕೆ ಕಾಡು ಹೆಣ್ಣಿನ ಫಲ ಹೇಳುವವರಿದ್ದಾರೆ. ಎರಡನೆಯದು ಇಲ್ಲದ ಚಂದ್ರ. 1898ರಲ್ಲಿ ಹ್ಯಾಂಬರ್ಗ್‌ನ ಗೇಯೋರ್ಗ್ ವಾಲ್ಟೆಮಾಟ್ ಭೂಮಿಗೆ ಇನ್ನೊಂದು ಚಂದ್ರನಿದೆ ಎಂದು ಸಾರಿದರು. ಸೆಫಾರಿಯಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲಿಷ್ ಜ್ಯೋತಿಷಿ ವಾಲ್ಟರ್ ಗಾರ್ನ್ ಓಲ್ಡ್ 1918ರಲ್ಲಿ ಅದನ್ನು ಲಿಲಿತ್ ಎಂದು ಕರೆದರು. ಅಂಥ ಚಂದ್ರ ಯಾವ ದೂರದರ್ಶಕಕ್ಕೂ ಸಿಕ್ಕಿಲ್ಲ. ಮೂರನೆಯದು ‘ಕಪ್ಪು ಚಂದ್ರ’. ಇವತ್ತು ಆ್ಯಪ್‌ಗಳು ಲಿಲಿತ್ ಎಂದಾಗ ಬಹುಮಟ್ಟಿಗೆ ಹೇಳುವುದು ಇದನ್ನೇ. ಚಂದ್ರನ ದಾರಿ ದುಂಡಗಿಲ್ಲ, ದೀರ್ಘವೃತ್ತ. ಭೂಮಿಗೆ ಹತ್ತಿರ ಬಂದಾಗ ಸರಾಸರಿ 3,63,300 ಕಿಲೋಮೀಟರ್, ದೂರ ಹೋದಾಗ ಸರಾಸರಿ 4,05,500 ಕಿಲೋಮೀಟರ್ ಅಂತರದಲ್ಲಿರುತ್ತಾನೆ. ಆ ಅತಿ ದೂರದ ಬಿಂದು ಭೂಮಿಯಿಂದ ನೋಡಿದಾಗ ಯಾವ ರಾಶಿಯ ದಿಕ್ಕಿನಲ್ಲಿದೆಯೋ ಅದೇ ಕಪ್ಪು ಚಂದ್ರ ಲಿಲಿತ್‌ನ ಸ್ಥಾನ. ದೀರ್ಘವೃತ್ತಕ್ಕೆ ಎರಡು ನಾಭಿಗಳಿದ್ದು ಒಂದರಲ್ಲಿ ಭೂಮಿ ಇದೆ, ಇನ್ನೊಂದು ಖಾಲಿ. ಕೆಲವರು ಆ ಖಾಲಿ ನಾಭಿಯನ್ನೇ ಲಿಲಿತ್ ಎನ್ನುತ್ತಾರೆ. ಅದು ಭೂಮಿಯಿಂದ ಸುಮಾರು 42,000 ಕಿಲೋಮೀಟರ್ ಆಚೆ, ಅದೇ ದಿಕ್ಕಿನಲ್ಲಿ ಬೀಳುವುದರಿಂದ ಜಾತಕದ ಲೆಕ್ಕ ಬದಲಾಗುವುದಿಲ್ಲ.

ಈ ಬಿಂದು ಭಾರತಕ್ಕೆ ಹೊಸದಲ್ಲ. ನಮ್ಮ ಸಿದ್ಧಾಂತ ಗ್ರಂಥಗಳು ಇದನ್ನು ಚಂದ್ರೋಚ್ಚ ಎಂದು ಕರೆದವು, ಚಂದ್ರನ ಮಂದೋಚ್ಚ ಎಂದೂ ಹೇಳುವುದುಂಟು. (ಫಲಜ್ಯೋತಿಷದಲ್ಲಿ ಚಂದ್ರ ವೃಷಭದಲ್ಲಿ ಉಚ್ಚ ಎನ್ನುತ್ತೇವಲ್ಲ, ಆ ಉಚ್ಚವೇ ಬೇರೆ.) ಒಂದು ಮಹಾಯುಗದ 43,20,000 ವರ್ಷಗಳಲ್ಲಿ ಚಂದ್ರೋಚ್ಚ 4,88,219 ಸುತ್ತು ಹಾಕುತ್ತದೆ ಎಂದು ಆರ್ಯಭಟೀಯ ಹೇಳುತ್ತದೆ; ಸೂರ್ಯಸಿದ್ಧಾಂತದ ಲೆಕ್ಕ 4,88,203. ಭಾಗಿಸಿ ನೋಡಿದರೆ ಒಂದು ಸುತ್ತಿಗೆ ಸುಮಾರು 8.85 ವರ್ಷ. ಇವತ್ತಿನ ಖಗೋಳಶಾಸ್ತ್ರವೂ 8.85 ಎನ್ನುತ್ತದೆ. ದೂರದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಕರಾರುವಾಕ್ಕಾಗಿ ಕಂಡುಕೊಂಡವರು ಆ ಬಿಂದುವನ್ನು ಬಳಸಿದ್ದು ಯಾತಕ್ಕೆ? ಚಂದ್ರನ ಸ್ಫುಟ, ಅಂದರೆ ನಿಜವಾದ ಸ್ಥಾನ, ತೆಗೆಯಲಿಕ್ಕೆ. ಉಚ್ಚದ ಬಳಿ ಚಂದ್ರನ ನಡಿಗೆ ನಿಧಾನ, ಎದುರು ಬದಿಯಲ್ಲಿ ವೇಗ. ಆ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ತಿಥಿ ತಪ್ಪುತ್ತದೆ, ಗ್ರಹಣದ ಹೊತ್ತು ತಪ್ಪುತ್ತದೆ. ರಾಹು ಕೇತುಗಳಿಗೆ ಪುರಾಣವನ್ನೂ ಫಲವನ್ನೂ ಕೊಟ್ಟ ಪರಂಪರೆ ಚಂದ್ರೋಚ್ಚವನ್ನು ಲೆಕ್ಕದ ಪುಸ್ತಕದಲ್ಲೇ ಬಿಟ್ಟಿತು. ಇದು ನನಗೆ ಮಹತ್ವದ ಸಾಕ್ಷಿಯಾಗಿ ಕಾಣುತ್ತದೆ. ಬಿಂದು ಅದೇ, ಆಕಾಶ ಅದೇ. ಒಂದು ನಾಡಿನವರು ಸಾವಿರದೈನೂರು ವರ್ಷ ಅದರಲ್ಲಿ ಯಾವ ಕಾಡು ಸ್ವಭಾವವನ್ನೂ ಕಾಣಲಿಲ್ಲ, ಇನ್ನೊಂದು ನಾಡಿನವರಿಗೆ 20ನೆಯ ಶತಮಾನದಲ್ಲಿ ಕಂಡಿತು. ಕಂಡದ್ದು ಆಕಾಶದಿಂದ ಬಂದಿದ್ದರೆ ಇಬ್ಬರಿಗೂ ಕಾಣಬೇಕಿತ್ತು.

ಹಾಗಾದರೆ ಆ ಅರ್ಥ ಬಂದದ್ದು ಹೆಸರಿನಿಂದ. ಲಿಲಿತ್ ಮೆಸೊಪೊಟೇಮಿಯದ ರಾತ್ರಿಯ ದುಷ್ಟಶಕ್ತಿಗಳ ಕುಲಕ್ಕೆ ಸೇರಿದವಳು. ಹೀಬ್ರೂ ಬೈಬಲಿನಲ್ಲಿ ಆಕೆಯ ಹೆಸರು ಯೆಶಾಯನ ಗ್ರಂಥದ 34ನೆಯ ಅಧ್ಯಾಯದಲ್ಲಿ ಒಮ್ಮೆ ಮಾತ್ರ ಸುಳಿದುಹೋಗುತ್ತದೆ. ನಿಪ್ಪೂರಿನ ಅಗೆತದಲ್ಲಿ ಸಿಕ್ಕ ಮಂತ್ರದ ಬಟ್ಟಲುಗಳಲ್ಲಿ ಬಾಣಂತಿ ಮತ್ತು ಮಗುವಿನಿಂದ ಆಕೆಯನ್ನು ದೂರವಿಡುವ ಬರಹಗಳಿವೆ. ಮಧ್ಯಯುಗದ ‘ಬೆನ್ ಸಿರನ ವರ್ಣಮಾಲೆ’ ಎಂಬ ಯಹೂದಿ ಕೃತಿಯಲ್ಲಿ ಕಥೆ ಬೇರೆಯೇ ತಿರುವು ಪಡೆಯಿತು: ಆಕೆ ಆದಾಮನ ಮೊದಲ ಹೆಂಡತಿ, ಇಬ್ಬರನ್ನೂ ಒಂದೇ ಮಣ್ಣಿನಿಂದ ಮಾಡಿದ್ದರಿಂದ ಅವನ ಕೆಳಗಿರಲು ಒಪ್ಪದೆ ಈಡನ್ ತೋಟ ಬಿಟ್ಟು ಹೊರಟವಳು. ಕೂಸು ಕೊಲ್ಲುವ ಭೂತವಾಗಿದ್ದವಳು ಹೀಗೆ ಮಣಿಯದ ಹೆಣ್ಣಾದಳು. 19ನೆಯ ಶತಮಾನದಲ್ಲಿ ಚಿತ್ರಕಾರ ರೊಸೆಟ್ಟಿ ಆಕೆಯನ್ನು ಕನ್ನಡಿ ಹಿಡಿದು ತಲೆ ಬಾಚಿಕೊಳ್ಳುವ ಸುಂದರಿಯಾಗಿ ಬಿಡಿಸಿದರು. 1972ರಲ್ಲಿ ಅಮೆರಿಕದ ಧರ್ಮಶಾಸ್ತ್ರಜ್ಞೆ ಜೂಡಿತ್ ಪ್ಲಾಸ್ಕೋ ಆ ಕಥೆಯನ್ನು ಹೆಣ್ಣಿನ ಪರವಾಗಿ ಮತ್ತೆ ಬರೆದರು. 1976ರಲ್ಲಿ ಯಹೂದಿ ಸ್ತ್ರೀವಾದಿಗಳು ಅದೇ ಹೆಸರಿನಲ್ಲಿ ಪತ್ರಿಕೆ ತೆರೆದರು. ಜ್ಯೋತಿಷದಲ್ಲಿ ಚಂದ್ರೋಚ್ಚಕ್ಕೆ ಈ ಅರ್ಥವನ್ನು ಹೊಲಿದವರು ಮುಖ್ಯವಾಗಿ ಫ್ರೆಂಚರು. 1930ರ ದಶಕದಲ್ಲಿ ದೊಂ ನೆರೋಮಾನ್ ಈ ಬಿಂದುವನ್ನು ಬಳಕೆಗೆ ತಂದರು, 1985ರಲ್ಲಿ ಜೊಯೆಲ್ ದ ಗ್ರಾವ್‌ಲೆನ್ ಲಿಲಿತ್‌ಳ ಮರಳುವಿಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ಲಿಲಿತ್‌ಳನ್ನು ನಮ್ಮ ಕಾಳಿಗೋ ಮಾರಿಗೋ ಯಕ್ಷಿಣಿಗೋ ಸಮ ಮಾಡಿ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಆ ದೇವತೆಗಳ ಕಥೆ ಬೇರೆ, ಪೂಜೆ ಬೇರೆ, ಲಿಲಿತ್ ಜೊತೆ ಚಾರಿತ್ರಿಕ ನಂಟಿಲ್ಲ.

ಈಗ ಜಾತಕದಲ್ಲಿ ಹುಡುಕುವ ಕ್ರಮ. ಮೊದಲು ನೋಡಬೇಕಾದದ್ದು ಆ್ಯಪ್ ಯಾವ ಲಿಲಿತ್ ತೋರಿಸುತ್ತಿದೆ ಎಂಬುದನ್ನು. ‘ಮೀನ್’ ಎಂದರೆ ಸರಾಸರಿ ಚಂದ್ರೋಚ್ಚ. ಅದು ದಿನಕ್ಕೆ ಡಿಗ್ರಿಯ ಒಂಬತ್ತನೆಯ ಒಂದು ಭಾಗದಷ್ಟು, ವರ್ಷಕ್ಕೆ 40 ಡಿಗ್ರಿ ಚಿಲ್ಲರೆ, ಒಂದೇ ಹದದಲ್ಲಿ ಮುಂದೆ ಸಾಗುತ್ತದೆ, ಒಂದು ರಾಶಿಯಲ್ಲಿ ಸುಮಾರು ಒಂಬತ್ತು ತಿಂಗಳು ಇರುತ್ತದೆ. ‘ಟ್ರೂ’ ಎಂದು ಬರೆದಿದ್ದರೆ ಅದು ಆ ಕ್ಷಣದ ಕಕ್ಷೆಯಿಂದ ತೆಗೆದದ್ದು; ಹಿಂದೆ ಮುಂದೆ ಓಲಾಡುತ್ತ ಸರಾಸರಿಯಿಂದ 30 ಡಿಗ್ರಿಯವರೆಗೂ ದೂರ ಹೋಗಬಲ್ಲದು. ಹೆಸರು ‘ಟ್ರೂ’ ಎಂದಿದ್ದರೂ ಚಂದ್ರ ನಿಜವಾಗಿ ಆ ಬಿಂದುವಿಗೆ ಹೊಂದಿಕೊಳ್ಳುವುದು ತಿಂಗಳಿಗೆ ಎರಡು ಸಲ ಮಾತ್ರ. ಬಹಳಷ್ಟು ತಂತ್ರಾಂಶಗಳ ಬೆನ್ನಿಗಿರುವ ಸ್ವಿಸ್ ಎಫೆಮೆರಿಸ್ ಇನ್ನೂ ಒಂದು ಲೆಕ್ಕ ಕೊಡುತ್ತದೆ, ಅದು ಸರಾಸರಿಯಿಂದ ಸುಮಾರು 5 ಡಿಗ್ರಿಯಷ್ಟೇ ಸರಿಯುತ್ತದೆ. ಅಂದರೆ ಒಬ್ಬರದೇ ಜಾತಕದಲ್ಲಿ ಒಂದು ಆ್ಯಪ್ ರವಿ–ಲಿಲಿತ್ ಯುತಿ (ಕೂಡಿಕೆ) ತೋರಿಸಿ ಇನ್ನೊಂದು ಏನೂ ಇಲ್ಲ ಎನ್ನಬಹುದು. ಎರಡರ ಗಣಿತವೂ ಸರಿಯಾಗಿಯೇ ಇರುತ್ತದೆ. ಸರಾಸರಿ ಲಿಲಿತ್ ಆರಿಸಿಕೊಂಡರೆ ಹುಟ್ಟಿದ ಹೊತ್ತು ಗೊತ್ತಿಲ್ಲದವರಿಗೂ ತೊಂದರೆಯಿಲ್ಲ, ದಿನಾಂಕ ಸಾಕು. ರವಿ ದಿನಕ್ಕೆ ಒಂದು ಡಿಗ್ರಿ, ಲಿಲಿತ್ ಅದಕ್ಕಿಂತ ತೀರಾ ಕಡಿಮೆ ಚಲಿಸುವುದರಿಂದ ಕೋನ ಹೆಚ್ಚು ಬದಲಾಗದು. ಸಾಯನವೋ ನಿರಯನವೋ ಎಂಬ ಜಗಳವೂ ಇಲ್ಲಿ ಬಾಧಿಸದು. ಆ ಎರಡು ಪದ್ಧತಿಗಳ ನಡುವಿನ ಅಂತರ, ಲಾಹಿರಿ ಅಯನಾಂಶ, ಈಗ ಸುಮಾರು 24 ಡಿಗ್ರಿ. ಅದನ್ನು ಕಳೆದರೆ ರಾಶಿಯ ಹೆಸರು ಬದಲಾದೀತು, ಎರಡರಿಂದಲೂ ಅಷ್ಟೇ ಕಳೆಯುವುದರಿಂದ ನಡುವಿನ ಕೋನ ಹಾಗೇ ಉಳಿಯುತ್ತದೆ. ಪಾರಾಶರ ಪದ್ಧತಿಯ ಜ್ಯೋತಿಷಿಯನ್ನು ಕೇಳಿದರೆ ರವಿಯ ಪೂರ್ಣ ದೃಷ್ಟಿ ಏಳನೆಯ ಮನೆಗೆ ಮಾತ್ರ ಎಂದಾರು. ಡಿಗ್ರಿ ಲೆಕ್ಕದ ದೃಷ್ಟಿ ನಮ್ಮಲ್ಲಿ ತಾಜಿಕ ಪದ್ಧತಿಯಲ್ಲಿದೆ, ಅಲ್ಲಿ ರವಿಗೆ 15 ಡಿಗ್ರಿ ದೀಪ್ತಾಂಶ, ಅಂದರೆ ಆಚೆ ಈಚೆ ಬಿಡುವ ರಿಯಾಯಿತಿ.

ಪಾಶ್ಚಾತ್ಯರು ಎಣಿಸುವ ಮುಖ್ಯ ಕೋನಗಳು 0, 60, 90, 120 ಮತ್ತು 180 ಡಿಗ್ರಿ. ಇಲ್ಲಿ ಒಂದು ಸಣ್ಣ ಗಣಿತ ಮಾಡಿ ನೋಡಬೇಕು, ಏಕೆಂದರೆ ‘ಅಪರೂಪದ ಯೋಗ’ ಎಂಬ ಮಾತು ಇಲ್ಲಿಯೇ ಕರಗುತ್ತದೆ. ಯುತಿ ಮತ್ತು ಎದುರು ನಿಲುವಿಗೆ ಒಂದೊಂದು ಜಾಗ, ಉಳಿದ ಮೂರಕ್ಕೆ ಎಡ ಬಲ ಎರಡೆರಡು. ಒಟ್ಟು ಎಂಟು ಜಾಗ. ಪ್ರತಿಯೊಂದಕ್ಕೂ ಆಚೆ ಈಚೆ 8 ಡಿಗ್ರಿ ರಿಯಾಯಿತಿ ಕೊಟ್ಟರೆ 360ರಲ್ಲಿ 128 ಡಿಗ್ರಿ ತುಂಬಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಯಾವುದಾದರೂ ಒಂದು ರವಿ–ಲಿಲಿತ್ ದೃಷ್ಟಿ ಇದ್ದೇ ಇರುತ್ತದೆ. ರಿಯಾಯಿತಿಯನ್ನು 3 ಡಿಗ್ರಿಗೆ ಇಳಿಸಿದರೂ ನೂರಕ್ಕೆ 13 ಜನ. ಬರೀ ಯುತಿಯನ್ನೇ ತೆಗೆದುಕೊಳ್ಳಿ: ರವಿ ಚಂದ್ರೋಚ್ಚವನ್ನು ಸುಮಾರು 412 ದಿನಕ್ಕೊಮ್ಮೆ ಸಂಧಿಸುತ್ತಾನೆ, 8 ಡಿಗ್ರಿಯ ಒಳಗೆ ಸುಮಾರು 18 ದಿನ ಇರುತ್ತಾನೆ. ಆ 18 ದಿನಗಳಲ್ಲಿ ಭಾರತವೊಂದರಲ್ಲೇ ಹುಟ್ಟುವ ಕೂಸುಗಳು ಹತ್ತು ಲಕ್ಷಕ್ಕೂ ಹೆಚ್ಚು. ಅಷ್ಟೂ ಜನ ಯಾರ ಮಾತಿಗೂ ಬಗ್ಗದ ಬಂಡಾಯಗಾರರಾಗಿ ಬೆಳೆಯುವುದಿಲ್ಲ ಎಂಬುದನ್ನು ಶಾಲೆಯ ಯಾವ ತರಗತಿಗೆ ಹೋದರೂ ಕಾಣಬಹುದು. ಈ ಯುತಿಗೆ ಆಕಾಶದಲ್ಲಿ ನಿಜವಾದ ಪರಿಣಾಮವೊಂದಿದೆ, ಅದನ್ನು ಆ್ಯಪ್‌ಗಳು ಹೇಳುವುದೇ ಇಲ್ಲ. ರವಿ ಉಚ್ಚದ ಕಡೆ ಇದ್ದಾಗ ಹುಣ್ಣಿಮೆಯ ಚಂದ್ರ ಎದುರು ದಿಕ್ಕಿನಲ್ಲಿ, ಭೂಮಿಗೆ ಹತ್ತಿರದ ಬಿಂದುವಿನ ಬಳಿ ಇರುತ್ತಾನೆ, ಅದೇ ಸೂಪರ್‌ಮೂನ್. 2024ರ ಅಕ್ಟೋಬರ್ ಮೊದಲ ವಾರ ರವಿ ಸರಾಸರಿ ಲಿಲಿತ್ ಜೊತೆಗಿದ್ದ. ಅದಾದ ಮೇಲೆ 17ರಂದು ಬಂದ ನಮ್ಮ ಶೀಗಿ ಹುಣ್ಣಿಮೆಯೇ ಆ ವರ್ಷದ ಅತಿ ಹತ್ತಿರದ ಹುಣ್ಣಿಮೆಯಾಯಿತು.

‘ಚಂದ್ರ ಸಮುದ್ರವನ್ನೇ ಎತ್ತುತ್ತಾನೆ, ಮನುಷ್ಯನ ಮೈಯಲ್ಲೂ ನೀರಿದೆ’ ಎಂಬ ವಾದ ಹೂಡುವವರು ಇಲ್ಲಿ ಬರುತ್ತಾರೆ. ಉಬ್ಬರ ಎಬ್ಬಿಸುವ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ ಹತ್ತಿರದ ಚಂದ್ರನ ಸೆಳೆತ ದೂರದ ಚಂದ್ರನದಕ್ಕಿಂತ ನೂರಕ್ಕೆ ಸುಮಾರು 40ರಷ್ಟು ಹೆಚ್ಚು, ಇದು ನಿಜ. ಆದರೆ ಆ ಬಲ ಚಂದ್ರನದು, ಬಿಂದುವಿನದಲ್ಲ. ನಿಮ್ಮ ಜಾತಕದಲ್ಲಿ ಲಿಲಿತ್ ಸಿಂಹದಲ್ಲಿರುವಾಗ ಚಂದ್ರ ಕುಂಭದಲ್ಲಿ, ಭೂಮಿಗೆ ತೀರಾ ಹತ್ತಿರ ಇದ್ದಿರಬಹುದು. ಸಿಂಹದ ಆ ಜಾಗದಲ್ಲಿ ಸೆಳೆಯುವಂಥದ್ದು ಏನೂ ಇರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ರಾಹು ಕೇತುಗಳೂ ಬರೀ ಬಿಂದುಗಳೇ, ಗುಳಿಕನೂ ಲೆಕ್ಕದಿಂದ ಹುಟ್ಟಿದವನೇ, ಅವಕ್ಕೆ ಫಲ ಹೇಳುವವರು ಲಿಲಿತ್‌ಗೆ ಯಾಕೆ ಅಡ್ಡಿಪಡಿಸಬೇಕು? ಈ ಮಾತು ನ್ಯಾಯವಾದದ್ದು. ರಾಹುವಿನ ಕಥೆಗೆ ಗ್ರಹಣವೆಂಬ ಕಣ್ಣಿಗೆ ಕಾಣುವ ಘಟನೆಯ ಬೇರಿದೆ, ಲಿಲಿತ್‌ಳ ಕಥೆಗೂ ಚಂದ್ರೋಚ್ಚಕ್ಕೂ ಅಂಥ ನಂಟಿಲ್ಲ; ವ್ಯತ್ಯಾಸ ಅಷ್ಟೇ. ಮನುಷ್ಯರ ಸ್ವಭಾವದ ಮೇಲೆ ಪರಿಣಾಮವಾಗುತ್ತದೆಯೇ ಎಂದು ಕೇಳಿದಾಗ ಎರಡಕ್ಕೂ ಒಂದೇ ಪುರಾವೆ ಕೇಳಬೇಕು. ಹಳೆಯದೆಂಬ ಕಾರಣಕ್ಕೆ ಒಂದನ್ನು ಒಪ್ಪಿ, ಹೊರಗಿನದೆಂಬ ಕಾರಣಕ್ಕೆ ಇನ್ನೊಂದನ್ನು ತಳ್ಳುವುದು ಸರಿಯಾಗದು.

ಅಂಥ ಪುರಾವೆ ಕೇಳಿದ ಪರೀಕ್ಷೆಗಳು ನಡೆದಿವೆ. ಮನೋವಿಜ್ಞಾನಿ ಯೂಂಗ್ 483 ದಂಪತಿಗಳ ಜಾತಕ ತೆಗೆದು ರವಿ ಚಂದ್ರರ ಯುತಿ ಮದುವೆಯಾದವರಲ್ಲಿ ಹೆಚ್ಚೇ ಎಂದು ಎಣಿಸಿದರು, 1952ರಲ್ಲಿ ಪ್ರಕಟಿಸಿದರು. ಮೊದಲ ಕಂತಿನ 180 ಜೋಡಿಗಳಲ್ಲಿ ಕಂಡ ಗುರುತು ಹೊಸ ಜೋಡಿಗಳು ಸೇರಿದಂತೆಲ್ಲ ಮಸುಕಾಗಿ, ಆಕಸ್ಮಿಕದಿಂದ ಬೇರ್ಪಡಿಸಲಾಗದಷ್ಟು ಇಳಿಯಿತು. ಜ್ಯೋತಿಷಕ್ಕೆ ಒಲವಿದ್ದವರೇ ಮಾಡಿದ ಎಣಿಕೆಯ ಗತಿ ಇದು. ಅಮೆರಿಕದ ಭೌತವಿಜ್ಞಾನಿ ಶಾನ್ ಕಾರ್ಲ್‌ಸನ್ ಜ್ಯೋತಿಷಿಗಳ ಒಪ್ಪಿಗೆ ಪಡೆದೇ ಒಂದು ಪರೀಕ್ಷೆ ರೂಪಿಸಿದರು: ಪೂರ್ಣ ಜಾತಕ ಕೈಗಿಟ್ಟು, ಮೂರು ವ್ಯಕ್ತಿತ್ವ ವಿವರಗಳಲ್ಲಿ ಆ ವ್ಯಕ್ತಿಯದು ಯಾವುದೆಂದು ಆರಿಸಲು ಕೇಳಿದರು. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಅವರು ಗೆದ್ದದ್ದು ಮೂರರಲ್ಲೊಂದು ಪಾಲು, ಕಣ್ಣು ಮುಚ್ಚಿ ಆರಿಸಿದರೆ ಸಿಗುವಷ್ಟೇ. ಮಹಾರಾಷ್ಟ್ರದಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಜಾಣ ಮಕ್ಕಳ ನೂರು, ಬುದ್ಧಿಮಾಂದ್ಯ ಮಕ್ಕಳ ನೂರು ಜಾತಕಗಳನ್ನು ಕಲಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಹಂಚಿದರು. ಉತ್ತರ ಕಳಿಸಿದ 27 ಜನರ ಸರಾಸರಿ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. ಈ ಪರೀಕ್ಷೆಗಳು ಲಿಲಿತ್ ಬಗ್ಗೆ ಅಲ್ಲವಲ್ಲ ಎಂದರೆ, ಹೌದು. ಆದರೆ ಹತ್ತಾರು ಅಂಶಗಳನ್ನು ಒಟ್ಟಿಗೆ ತೂಗಿದ ಇಡೀ ಜಾತಕವೇ ಮನುಷ್ಯನನ್ನು ಗುರುತಿಸಲಾರದೆ ಹೋದಾಗ, ಅದರಲ್ಲಿನ ಒಂದೇ ಒಂದು ಕೋನ, ಅದೂ ಎಲ್ಲಿದೆ ಎಂಬ ಬಗ್ಗೆಯೇ 30 ಡಿಗ್ರಿ ಭಿನ್ನಮತವಿರುವ ಬಿಂದುವಿನ ಕೋನ, ಗುರುತಿಸುತ್ತದೆ ಎನ್ನುವವರ ಮೇಲೆ ಸಾಬೀತುಪಡಿಸುವ ಭಾರ ಬೀಳುತ್ತದೆ.

‘ನನಗಂತೂ ಅಕ್ಷರಶಃ ಹೊಂದಿತು’ ಎಂಬುದು ಉಳಿಯುವ ಮಾತು. ಹೇಳುವವರು ಸುಳ್ಳು ಹೇಳುತ್ತಿಲ್ಲ, ಹಾಗಾಗಿ ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. 1948ರಲ್ಲಿ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ‘ನಿಮ್ಮದೇ’ ವಿವರವೆಂದು ಒಂದು ಹಾಳೆ ಕೊಟ್ಟರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಹೆಚ್ಚಿನ ಸಾಲುಗಳು ಅಂಗಡಿಯಲ್ಲಿ ಮಾರುವ ಜ್ಯೋತಿಷ ಪುಸ್ತಕದವು. ಎಷ್ಟು ಹೊಂದಿತು ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ರವಿ–ಲಿಲಿತ್ ಫಲದ ಸಾಲುಗಳನ್ನು ಈ ಬೆಳಕಿನಲ್ಲಿ ಓದಿ. ಯುತಿ ಇದ್ದರೆ ಒಳಗಿನ ಕಿಚ್ಚನ್ನು ಮುಚ್ಚಿಡಲಾರಿರಿ. 90 ಡಿಗ್ರಿ ಇದ್ದರೆ ಅದುಮಿ ಅದುಮಿ ಒಮ್ಮೆಲೇ ಸಿಡಿಯುತ್ತೀರಿ, ತಂದೆಯ ಜೊತೆಗೋ ಮೇಲಧಿಕಾರಿಯ ಜೊತೆಗೋ ತಿಕ್ಕಾಟ. 180 ಇದ್ದರೆ ನಿಮ್ಮದೇ ಅಂಕೆ ಮೀರಿದ ಗುಣವನ್ನು ಇನ್ನೊಬ್ಬರಲ್ಲಿ ಕಂಡು ಮೋಹಿಸುತ್ತೀರಿ ಅಥವಾ ದ್ವೇಷಿಸುತ್ತೀರಿ. 120 ಅಥವಾ 60 ಇದ್ದರೆ ಅದು ಸಲೀಸಾಗಿ ಕಲೆಯಾಗಿ, ಧೈರ್ಯವಾಗಿ ಹರಿಯುತ್ತದೆ. ಒಮ್ಮೆಯೂ ಅದುಮಿ ಸಿಡಿಯದವರು ಯಾರು? ಅಪ್ಪನ ಮಾತಿಗೆ, ಬಾಸಿನ ಮಾತಿಗೆ ಒಳಗೇ ಕುದಿಯದವರು ಯಾರು? ಪಳಗುವುದೂ ಪಳಗದಿರುವುದೂ ಎಲ್ಲರೊಳಗಿನ ಜಗಳ. ಅದಕ್ಕೇ ಈ ಫಲ ಎಲ್ಲರಿಗೂ ಹೊಂದುತ್ತದೆ. ಪರೀಕ್ಷಿಸಿ ನೋಡುವುದು ಸುಲಭ. ಐದು ಕೋನಗಳ ಫಲವನ್ನೂ ಕೋನದ ಹೆಸರಿಲ್ಲದೆ ಐದು ಚೀಟಿಯಲ್ಲಿ ಬರೆದು, ತಮ್ಮ ಲಿಲಿತ್ ಎಲ್ಲಿದೆ ಎಂದು ಗೊತ್ತಿಲ್ಲದ ಕೆಲವು ಗೆಳೆಯರಿಗೆ ಕೊಟ್ಟು ಹೊಂದುವುದನ್ನು ಆರಿಸಲು ಹೇಳಿ. ಆಮೇಲೆ ಜಾತಕ ತೆಗೆದು ತಾಳೆ ನೋಡಿ.

ಇಷ್ಟಾದ ಮೇಲೂ ಇದನ್ನು ಇಟ್ಟುಕೊಳ್ಳಲು ಕಾರಣವಿದೆಯೇ? ಇದೆ. ಅದಕ್ಕೆ ಜ್ಯೋತಿಷದ ಒಳಗೇ ಒಂದು ಹಾದಿಯೂ ಇದೆ. ಲಂಡನ್ನಿನ ಜ್ಯೋತಿಷಿ ಅಲನ್ ಲಿಯೋ ಮೇಲೆ ಭವಿಷ್ಯ ಹೇಳಿದ ಆರೋಪದ ಮೊಕದ್ದಮೆ ನಡೆದು 1917ರಲ್ಲಿ ದಂಡ ಬಿತ್ತು. ಮುಂದಾಗುವುದನ್ನು ಬಿಟ್ಟು ಸ್ವಭಾವವನ್ನು ಓದಬೇಕೆಂಬ ದಾರಿಯನ್ನು ಹಾಕಿಕೊಟ್ಟವರಲ್ಲಿ ಅವರು ಮುಖ್ಯರು. 1936ರಲ್ಲಿ ಡೇನ್ ರುಧ್ಯಾರ್ ಬರೆದ ವ್ಯಕ್ತಿತ್ವ ಜ್ಯೋತಿಷದ ಪುಸ್ತಕ ಅದನ್ನು ಯೂಂಗ್‌ನ ಚಿಂತನೆಗೆ ಹತ್ತಿರ ತಂದಿತು. ನಾನು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು, ಸ್ವಭಾವದ ತೀರ್ಪನ್ನೂ ಬಿಟ್ಟು, ಪ್ರಶ್ನೆಯನ್ನು ಮಾತ್ರ ಉಳಿಸಿಕೊಳ್ಳಿ ಎನ್ನುತ್ತೇನೆ. ಆ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ಯಾರೂ ಕೇಳುವುದಿಲ್ಲ. ‘ಹುಡುಗಿ ಇಷ್ಟು ಗಟ್ಟಿಯಾಗಿ ನಗಬಾರದು’, ‘ಗಂಡಸು ಅಳಬಾರದು’, ‘ದೊಡ್ಡವರಿಗೆ ಎದುರಾಡಬಾರದು’ ಎಂದು ಕೇಳುತ್ತ ಬೆಳೆದವರಿಗೆ ತಮ್ಮಲ್ಲಿ ಏನು ಮುದುಡಿ ಕೂತಿದೆ ಎಂಬ ಲೆಕ್ಕವೇ ತಪ್ಪಿಹೋಗಿರುತ್ತದೆ. ಮಾಡಬೇಕಾದದ್ದು ಇಷ್ಟು. ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ, ಯಾರಿಗೂ ತೋರಿಸದ ಹಾಳೆಯಲ್ಲಿ ಬರೆಯಿರಿ. ಯಾವ ಆಸೆಯನ್ನು ಹೇಳಿಕೊಳ್ಳಲು ನಾಚಿಕೆ, ಯಾರ ಮುಂದೆ ನನ್ನ ದನಿ ಬದಲಾಗುತ್ತದೆ, ಯಾವ ಸಿಟ್ಟು ನ್ಯಾಯದ್ದು ಮತ್ತು ಯಾವುದು ಬರೀ ಹಟ, ಯಾರನ್ನು ಕಂಡರೆ ಕಾರಣವಿಲ್ಲದೆ ಉರಿಯುತ್ತದೆ, ಆ ವ್ಯಕ್ತಿ ಮಾಡುವ ಏನನ್ನು ನಾನು ಮಾಡಲಾರೆ. ಈ ಅವಧಿಯನ್ನು ಸುಮ್ಮನೆ ಹೇಳುತ್ತಿಲ್ಲ. 1986ರಲ್ಲಿ ಮನೋವಿಜ್ಞಾನಿಗಳಾದ ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ಹೀಗೇ ನಾಲ್ಕು ದಿನ ಬರೆಯಿಸಿದರು. ನೋವಿನ ಸಂಗತಿಯನ್ನೂ ಅದರ ಭಾವವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ನಂತರದ ಅಧ್ಯಯನಗಳಲ್ಲಿ ಈ ಲಾಭ ಸಣ್ಣದೆಂದೇ ಕಂಡಿದೆ, ಬರೆದ ದಿನ ಮನಸ್ಸು ಭಾರವಾಗುವುದೂ ಉಂಟು. ಆದರೂ ಖರ್ಚಿಲ್ಲದ, ಯಾರ ಹಂಗೂ ಇಲ್ಲದ ದಾರಿ ಇದು. ಇದಕ್ಕೆ ರವಿ–ಲಿಲಿತ್ ದೃಷ್ಟಿ ಇರಲೇಬೇಕೆಂದೇನೂ ಇಲ್ಲ. ಜಾತಕದಲ್ಲಿ ಅದು ಕಂಡದ್ದು ಕೂತು ಬರೆಯಲು ನೆಪವಾದರೆ, ಅಷ್ಟು ಉಪಕಾರ ಆ ಬಿಂದುವಿನಿಂದ ಆಯಿತು.

ಬಿಡಬೇಕಾದವನ್ನೂ ಖಂಡಿತವಾಗಿ ಹೇಳಬೇಕು. ಮದುವೆಯ ಮಾತುಕತೆಗೆ ಲಿಲಿತ್ ತರಬೇಡಿ. ಕುಜದೋಷವೆಂಬ ಒಂದು ಮಾತಿನಿಂದ ಎಷ್ಟು ಹೆಣ್ಣುಮಕ್ಕಳ ಸಂಬಂಧ ಮುರಿದುಬಿದ್ದಿದೆ ಎಂಬುದು ನಮ್ಮ ಪ್ರತಿ ಊರಿಗೂ ಗೊತ್ತು. ಅದರ ಪಕ್ಕಕ್ಕೆ ‘ಪಳಗದ ಹೆಣ್ಣು’ ಎಂಬ ಇನ್ನೊಂದು ಹಣೆಪಟ್ಟಿ ಬಂದರೆ ಅದನ್ನು ಹೊರುವವಳು ಹುಡುಗಿಯೇ. ಇದೇ ಕೋನವಿರುವ ಹುಡುಗನಿಗೆ ‘ಛಲಗಾರ’ ಎಂಬ ಹೊಗಳಿಕೆ ಸಿಗುತ್ತದೆ. ಚಿಕ್ಕ ಮಕ್ಕಳ ಜಾತಕದಲ್ಲಿ ಇದನ್ನು ಹುಡುಕಿ ‘ಇವನು ಹಟಮಾರಿಯೇ ಆಗುತ್ತಾನೆ’ ಎನ್ನಬೇಡಿ, ಮಗು ಆ ಮಾತಿಗೆ ತಕ್ಕಂತೆ ಬಗ್ಗಿಬಿಡುತ್ತದೆ. ಈ ದೃಷ್ಟಿಗೆ ಶಾಂತಿ, ಹೋಮ, ಹರಳು ಎಂದು ಹಣ ಕೇಳುವವರನ್ನು ನಂಬಬೇಡಿ. ನಮ್ಮ ಯಾವ ಶಾಸ್ತ್ರಗ್ರಂಥದಲ್ಲೂ ಲಿಲಿತ್ ಶಾಂತಿ ಎಂಬುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರ ಮೇಲೆ ಕೈ ಮಾಡುವುದಕ್ಕೆ, ಹೆದರಿಸುವುದಕ್ಕೆ, ಕೊಟ್ಟ ಮಾತಿಗೆ ತಪ್ಪುವುದಕ್ಕೆ ‘ನನ್ನ ಜಾತಕವೇ ಹಾಗೆ’ ಎಂಬ ಸಮರ್ಥನೆಯನ್ನು ಯಾರಿಂದಲೂ ಒಪ್ಪಬೇಡಿ. ಬರೆಯಲು ಕೂತಾಗ ಹಳೆಯ ದೌರ್ಜನ್ಯವೋ ಬದುಕು ಬೇಡವೆನ್ನಿಸುವ ಯೋಚನೆಯೋ ಎದ್ದರೆ ಬರೆಯುವುದನ್ನು ನಿಲ್ಲಿಸಿ, ಒಬ್ಬರೇ ಇರಬೇಡಿ, ತಿಳಿದವರ ಜೊತೆ ಮಾತನಾಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.